ಎಡಕ್ಕೆ ಕೂತ ಅಕ್ಕೋರು

ಮನುಷ್ಯನ ಅಭಿಪ್ರಾಯ ಅವನಿಗೆ ಬಸ್ಸಿನಲ್ಲಿ ಯಾವ ಕಡೆ ಸೀಟು ಸಿಕ್ಕಿದೆ ಎಂಬುದರ ಮೇಲೆ ನಿಂತಿರಬೇಕು ಎಂದು ನಂಬಿದ್ದ ಒಬ್ಬರನ್ನು ನಾನು ಬಲ್ಲೆ. ತಮಾಷೆಗೆ ಹೇಳುತ್ತಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವರು ಅದನ್ನು ನಡೆಸಿ ತೋರಿಸಿದರು. ಮೊನ್ನೆ ನಿವೃತ್ತರಾದರು. ಅವತ್ತು ಮತ್ತು ಮರುದಿನ ಬಸ್ಸಿನಲ್ಲಿ ನಡೆದದ್ದನ್ನು ಕಂಡಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಮನೆಯವಳು ಕೇಳಿ ಕೇಳಿ ಸಾಕಾಗಿ, "ಅದನ್ನ ಬರದಾದ್ರೂ ಇಡ್ರಿ, ನನ್ನ ಕಿವಿ ಬಿಡ್ರಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಲಿಂಗಸುಗೂರಿನಿಂದ ಬೆಳಿಗ್ಗೆ ಎಂಟಕ್ಕೆ ಬಿಡುವ ಬಸ್ಸು ಮಸ್ಕಿ ಹಾಯ್ದು ಸಿಂಧನೂರಿಗೆ ಹೋಗುತ್ತದೆ. ನನ್ನ ಮನೆ ಲಿಂಗಸುಗೂರು, ನೌಕರಿ ಸಿಂಧನೂರಿನಾಚೆ ಆರ್.ಎಚ್. ಕ್ಯಾಂಪ್ ಎಂಬ ಊರಿನ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳುವುದು. ಅವರು ಮಸ್ಕಿಯಲ್ಲಿ ಹತ್ತುತ್ತಿದ್ದರು. ಸಿಂಧನೂರಿನಲ್ಲಿ ಇಳಿದು ಆಟೋ ಹಿಡಿದು ವಳಕಮದಿನ್ನಿ ಕಡೆಯ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುತ್ತಾರೆ. ಆ ಬಸ್ಸಿನಲ್ಲಿ ಅಕ್ಕೋರುಗಳಿಗೇನು ಬರವಿರಲಿಲ್ಲ. ಆದರೂ ಬರೀ "ಅಕ್ಕೋರು ಬಂದ್ರು" ಅಂದರೆ ಇವರೊಬ್ಬರೇ ಎಂದು ಕಂಡಕ್ಟರಿಗೂ ಗೊತ್ತಿತ್ತು.

ಕುಳ್ಳ ದೇಹ, ಅದಕ್ಕೆ ಹೊಂದದ ದೊಡ್ಡ ಗಂಟಲು. ಮಾತಿಗೆ ನಿಂತರೆ ಮೊದಲು ಕನ್ನಡಕ ತೆಗೆದು ಬ್ಯಾಗಿಗೆ ಹಾಕುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದೆ. "ಎದುರಿನವರ ಮಾರಿ ಕಂಡ್ರ ನನಗ ಕನಿಕರ ಬರ್ತದ್ರಿ ಸರ. ಆಮ್ಯಾಲೆ ಬರೋಬ್ಬರಿ ಜಗಳ ಮಾಡಾಕ ಆಗಂಗಿಲ್ಲ" ಎಂದರು. ಮುಂದಿನ ಸೀಟಿನ ಕಂಬಿಗೆ ಉಂಗುರದಿಂದ ಟಣ್ ಎಂದು ಹೊಡೆದರೆ ಒಂದು ಮಾತು ಮುಗಿದು ಇನ್ನೊಂದು ಶುರುವಾಯಿತು ಎಂದು ಅರ್ಥ. ಕಂಬಿಯ ಬಣ್ಣ ಹೋದದ್ದು ಅವರಿಂದಲೇ ಎಂದು ಡ್ರೈವರ್‌ಗಳು ಆಡಿಕೊಳ್ಳುತ್ತಿದ್ದರು.

ಇದೆಲ್ಲ ಶುರುವಾದದ್ದು ಒಂದು ನಿಜವಾದ ಹೊಡೆದಾಟದಿಂದ. ಚುನಾವಣೆ ಹತ್ತಿರ ಬಂದಿತ್ತು. ಬಲಕ್ಕೆ ಕೂತ ಒಬ್ಬ, ಎಡಕ್ಕೆ ಕೂತ ಇನ್ನೊಬ್ಬ, ತಮ್ಮ ತಮ್ಮ ಪಾರ್ಟಿ ಹಿಡಿದು ಮಾತಿಗೆ ಮಾತು ಬೆಳೆದು ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದರು. ಗಂಡಸರೆಲ್ಲ "ಬಿಡ್ರಲೇ" ಎಂದು ಕೂತಲ್ಲಿಂದಲೇ ಕೂಗಿದೆವು. ಅಕ್ಕೋರು ಎದ್ದುಹೋಗಿ ನಡುವೆ ನಿಂತರು.

"ಇಬ್ರೂ ಸೀಟ್ ಬದಲಿ ಮಾಡ್ರಿ."

"ಯಾಕ್ರಿ?"

"ಬದಲಿ ಮಾಡ್ರಿ ಮೊದ್ಲು. ಹಾಂ. ಈಗ ನೀವು ಅವರ ಪಾರ್ಟಿ ಪರವಾಗಿ ಮಾತಾಡ್ರಿ. ಅವರು ನಿಮ್ಮದರ ಪರವಾಗಿ ಆಡ್ತಾರ. ಸಿಂಧನೂರು ಬರೋತನಕ. ಯಾರು ಚಂದ ಆಡ್ತಾರ ನಾವು ನೋಡ್ತೀವಿ."

ಶಾಲೆಯ ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು, ಅವರೂ ಮಕ್ಕಳ ಹಾಗೆ ಕೇಳಿದರು. ಮೊದಲು ತಡವರಿಸಿದರು. ಆಮೇಲೆ ನೋಡಿ, ಎದುರಿನವನ ಪಾರ್ಟಿಯನ್ನು ಅವನಿಗಿಂತ ಚಂದ ಹೊಗಳತೊಡಗಿದರು! ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಸಿಂಧನೂರು ಯಾವಾಗ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಅಕ್ಕೋರು ಮಸ್ಕಿಯಲ್ಲಿ ಹತ್ತುವಾಗ ಯಾರೋ, "ಇವತ್ತೇನ್ರಿ ಅಕ್ಕೋರೆ?" ಎಂದರು. ಅಲ್ಲಿಗೆ ನಮ್ಮ ಸಂಘ ಹುಟ್ಟಿತು.

ನಿಯಮ ಬಹಳ ಸರಳ. ಮಸ್ಕಿ ಬಿಟ್ಟ ಕೂಡಲೇ ಒಂದು ವಿಷಯ. ಬಲ ಸಾಲಿನವರು ಹೌದು ಎನ್ನಬೇಕು, ಎಡ ಸಾಲಿನವರು ಅಲ್ಲ ಎನ್ನಬೇಕು. ನಿಮ್ಮ ಸ್ವಂತ ಅಭಿಪ್ರಾಯ ಯಾರಿಗೂ ಬೇಡ. ಸಿಂಧನೂರಿನಲ್ಲಿ ಇಳಿದ ಮೇಲೆ ಯಾರ ಜೊತೆ ಜಾಸ್ತಿ ಜಗಳವಾಗಿದೆಯೋ ಅವರ ಜೊತೆಯೇ ಚಹಾ ಕುಡಿಯಬೇಕು. ಇಷ್ಟೇ. ಬಲಕ್ಕೆ ಮೂವರು ಕೂರುವ ಸೀಟು, ಎಡಕ್ಕೆ ಇಬ್ಬರದು. ಮೇಲಾಗಿ ಬೆಳಗಿನ ಬಿಸಿಲು ಎಡಕ್ಕೇ ಬಡಿಯುತ್ತದೆ. ಮಂದಿ ಕಡಿಮೆ, ಬಿಸಿಲು ಜಾಸ್ತಿ. ಹಾಗಾಗಿ ಎಡ ಸಾಲಿನ ವಾದಕ್ಕೆ ಯಾವತ್ತೂ ಖಾರ ಹೆಚ್ಚು.

ನಾನು ಮೊದಲ ಸಲ ಸಿಕ್ಕಿಬಿದ್ದದ್ದು ರೊಟ್ಟಿಯ ದಿನ. "ಜೋಳದ ರೊಟ್ಟಿಗಿಂತ ಅನ್ನ ಮೇಲು" ಎಂಬುದು ವಿಷಯ. ನಾನು ಒಣಬೇಸಾಯದ ಲಿಂಗಸುಗೂರಿನವನು. ಎರಡು ಹೊತ್ತು ರೊಟ್ಟಿ ಬೀಳದಿದ್ದರೆ ಉಂಡ ಹಾಗೇ ಆಗುವುದಿಲ್ಲ. ಕೂತದ್ದು ಬಲಕ್ಕೆ! ಕಾಲುವೆ ನೀರು, ಭತ್ತದ ಗದ್ದೆ, ಬಿಸಿ ಅನ್ನದ ಮೇಲೆ ತುಪ್ಪ ಎಂದು ನಾನು ಹೊಗಳುತ್ತಿದ್ದರೆ, ಸಿಂಧನೂರಿನ ಅಕ್ಕಿಗಿರಣಿಯಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಎಡಕ್ಕೆ ಕೂತು ರೊಟ್ಟಿಯ ಪರ ಕಣ್ಣೀರು ಹಾಕುವುದೊಂದು ಬಾಕಿ. ಇಳಿದ ಮೇಲೆ ಇಬ್ಬರೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಚಹಾ ಕುಡಿದೆವು. ಅನ್ನವೂ ಇಲ್ಲ, ರೊಟ್ಟಿಯೂ ಇಲ್ಲ.

ಆದರೆ ಎಲ್ಲ ದಿನವೂ ನಗೆಯಲ್ಲಿ ಮುಗಿಯುತ್ತಿರಲಿಲ್ಲ. ನಮ್ಮಲ್ಲಿ ವೀರಭದ್ರಪ್ಪ ಎಂದು ನೀರಾವರಿ ಆಫೀಸಿನ ಗುಮಾಸ್ತರಿದ್ದಾರೆ. ಹಣೆತುಂಬ ವಿಭೂತಿ, ಗಟ್ಟಿ ಮನುಷ್ಯ, ತಮ್ಮ ಮಾತೇ ಮಾತು ಎನ್ನುವವರು. "ಹೆಣ್ಣುಮಕ್ಕಳಿಗೂ ಹೊಲದಲ್ಲಿ ಪಾಲು ಕೊಡಬೇಕು" ಎಂಬ ವಿಷಯ ಬಂದ ದಿನ ಅವರಿಗೆ ಬಲಕ್ಕೆ ಸೀಟು ಸಿಕ್ಕಿತ್ತು. ನಿಯಮ ನಿಯಮವೇ ಎಂದು ಎದ್ದು ನಿಂತವರು, ಅಬ್ಬಾ, ಏನು ಮಾತಾಡಿದರು! ಎಡ ಸಾಲಿನವರೂ ಚಪ್ಪಾಳೆ ಹೊಡೆದರು. ಇಳಿಯುವಾಗ ಮಾತ್ರ ಬೆವರು ಒರೆಸಿಕೊಳ್ಳುತ್ತ ಅಕ್ಕೋರ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು: "ಅಕ್ಕೋರೆ, ಇನ್ನ ಮ್ಯಾಲೆ ಇಂಥಾ ವಿಷಯ ತರಬ್ಯಾಡ್ರಿ. ನನಗ ನನ್ನ ಮಾತೇ ಖರೆ ಅನಸಾಕತ್ತೇತಿ." ಅವರಿಗೆ ಇಬ್ಬರು ತಂಗಿಯರು ಎಂದು ನಮಗೆಲ್ಲ ಗೊತ್ತಿತ್ತು. ಅಕ್ಕೋರು ನಗಲಿಲ್ಲ. "ಅಂಜಬ್ಯಾಡ್ರಿ, ಅದು ಬಲ ಸಾಲಿನ ಮಾತು" ಎಂದಷ್ಟೇ ಹೇಳಿ ಚಹಾಕ್ಕೆ ಕರೆದುಕೊಂಡು ಹೋದರು.

ಅಕ್ಕೋರ ಸ್ವಂತ ಅಭಿಪ್ರಾಯ ಏನು ಎಂದು ಕಂಡುಹಿಡಿಯಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಯಾವ ಪಾರ್ಟಿ, ಯಾವ ಮಠ, ಮೊಬೈಲು ಒಳ್ಳೆಯದೋ ಕೆಟ್ಟದ್ದೋ, ಒಂದಕ್ಕೂ ಜಗ್ಗಲಿಲ್ಲ. "ನಾಳೆ ಯಾವ ಕಡಿ ಜಾಗ ಸಿಗ್ತದ ನೋಡೂಣು ತಡೀರಿ" ಎನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು ನನಗೆ.

ಈ ಊರುಗಳಲ್ಲಿ ನಾನು ಎಷ್ಟು ಸಂಘ ನೋಡಿಲ್ಲ! ಬೋರ್ಡು, ಸೀಲು, ಅಧ್ಯಕ್ಷರು, ಉಪಾಧ್ಯಕ್ಷರು, ಉದ್ಘಾಟನೆಗೆ ದೊಡ್ಡವರು. ಎರಡು ವರ್ಷ ಕಳೆಯುವಷ್ಟರಲ್ಲಿ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮಾತಿಲ್ಲ, ಬೋರ್ಡಿನ ಹಿಂದೆ ಗುಬ್ಬಿ ಗೂಡು. ನಮ್ಮದಕ್ಕೆ ಹೆಸರೂ ಇರಲಿಲ್ಲ. ಬಸ್ಸು ಬದಲಾಯಿತು, ಡ್ರೈವರ್‌ಗಳು ಬದಲಾದರು, ರೈಟರ್ ಊರು ಬಿಟ್ಟರು, ಅರ್ಧ ಮಂದಿಗೆ ವರ್ಗವಾಯಿತು. ಆದರೂ ಸಂಘ ನಿಂತೇ ಇತ್ತು. ಅದು ಹೇಗೆ ಎಂದು ನನಗೆ ಗೊತ್ತಾದದ್ದು ಅದು ಸಾಯಲಿಕ್ಕೆ ಹತ್ತಿದಾಗ.

ಕೊರೊನಾ ಬಂದು ಬಸ್ಸು ನಿಂತಿತು. ವೀರಭದ್ರಪ್ಪನವರು ಉತ್ಸಾಹದಿಂದ ಒಂದು ವಾಟ್ಸಾಪ್ ಗ್ರೂಪು ಮಾಡಿದರು. ಮನೆಯಲ್ಲೇ ಕೂತು ವಾದ ಮಾಡೋಣ ಎಂದು. ನಾವು ಮೂರ್ಖರು, ಕುಣಿದೆವು. ವಾರ ತುಂಬುವುದರೊಳಗೆ ಇಬ್ಬರು ಗ್ರೂಪು ಬಿಟ್ಟರು. ಒಬ್ಬರು ಇನ್ನೊಬ್ಬರ ಜಾತಿ ಎತ್ತಿದರು. ನಾನೂ ವೀರಭದ್ರಪ್ಪನವರೂ ಮಾತು ಬಿಟ್ಟೆವು. ಇಷ್ಟು ವರ್ಷ ಇದಕ್ಕಿಂತ ಕಠಿಣ ವಿಷಯಕ್ಕೆ ಕಿರುಚಾಡಿದವರು ನಾವು, ಚಹಾ ಕುಡಿದು ನಕ್ಕವರು! ಅಕ್ಕೋರು ಗ್ರೂಪಿನಲ್ಲಿ ಒಂದೇ ಒಂದು ಮಾತು ಕಳಿಸಿದರು, ತಮ್ಮದೇ ದನಿಯಲ್ಲಿ:

"ಈ ಗ್ರೂಪಿನ್ಯಾಗ ಸೀಟ್ ಇಲ್ಲಲ್ರಿ. ಎಲ್ಲಾರೂ ತಂತಮ್ಮ ಮನ್ಯಾಗ ಕುಂತು ತಂತಮ್ಮ ಮಾತೇ ಆಡಾಕತ್ತೀರಿ. ನಾವು ಅಂದ್ರ ವಾದ ಮಾಡೋ ಮಂದಿ ಅಲ್ರಿ. ವಾದ ಎಲ್ಲಾರೂ ಮಾಡ್ತಾರ. ನಾವು ಆ ಕಡಿ ಎದ್ದುಹೋಗಿ ಕುಂದ್ರೋ ಮಂದಿ. ಇದನ್ನ ಮೊದ್ಲು ಬಂದ್ ಮಾಡ್ರಿ."

ಬಂದ್ ಮಾಡಿದೆವು. ಬಸ್ಸು ಮತ್ತೆ ಶುರುವಾದ ದಿನ ಅವರು ಮಾಸ್ಕು ಹಾಕಿಕೊಂಡು ಹತ್ತಿ, ನನ್ನನ್ನೂ ವೀರಭದ್ರಪ್ಪನವರನ್ನೂ ಸೀಟು ಅದಲುಬದಲು ಮಾಡಿಸಿ, ನಾವು ಯಾವುದಕ್ಕೆ ಮಾತು ಬಿಟ್ಟಿದ್ದೆವೋ ಅದನ್ನೇ ವಿಷಯ ಮಾಡಿದರು. ಸಿಂಧನೂರಿನಲ್ಲಿ ಇಬ್ಬರೂ ಚಹಾದ ಅಂಗಡಿಯ ಮುಂದೆ ನಿಂತೆವು. ವೀರಭದ್ರಪ್ಪನವರು ತಮ್ಮ ಬನ್ನು ಮುರಿದು ಅರ್ಧ ನನಗೆ ಕೊಟ್ಟರು.

ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದಾಗ ಇನ್ನೊಂದು ಪೇಚು. ಭತ್ತದ ನಾಟಿಗೆ ಹೋಗುವ ಹೆಣ್ಣಾಳುಗಳು ಮೊದಲು ಟಂಟಂ ಗಾಡಿ ಹತ್ತುತ್ತಿದ್ದವರು, ಈಗ ನಮ್ಮ ಬಸ್ಸು ಹತ್ತಿದರು. ಬಸ್ಸು ಕಿಕ್ಕಿರಿಯಿತು. ಅರ್ಧ ಮಂದಿ ನಿಂತಿದ್ದರು, ನಿಂತವರಿಗೆ ಎಡವೂ ಇಲ್ಲ, ಬಲವೂ ಇಲ್ಲ! ಹಳಬರು ಕೆಲವರು "ನಮ್ಮ ಸಂಘ ಕೆಟ್ಟಿತು" ಎಂದು ಮುಖ ಗಂಟಿಕ್ಕಿದರು. ಅಕ್ಕೋರಿಗೆ ಮಾತ್ರ ಹಬ್ಬ ಬಂದ ಹಾಗಾಗಿತ್ತು. "ನಿಂತೋರು ಪಂಚರು! ಇಷ್ಟು ದಿನ ನಮಗ ಪಂಚರೇ ಇದ್ದಿಲ್ಲ, ಈಗ ಬಂದಾರ" ಎಂದು ಸಾರಿದರು. ಅಂದಿನಿಂದ ತೀರ್ಪು ನಿಂತವರದು. ಆ ಹೆಣ್ಣಾಳುಗಳ ಗುಂಪಿಗೆ ಹುಲಿಗೆಮ್ಮ ಎಂಬಾಕೆ ಮುಂದಾಳು. ಆಕೆಯ ಬಾಯಿ ಅಕ್ಕೋರ ಬಾಯಿಗೆ ಸರಿಜೋಡಿ. ಕಂಬಿ ಹಿಡಿದು ನಿಂತು ಎರಡೂ ಕಡೆಯವರನ್ನು ಕೇಳಿ, "ಫೈಸ್ಲಾ ಹೇಳ್ತೀನಿ, ಸುಮ್ನಿರ್ರಿ" ಎಂದರೆ ಡ್ರೈವರ್ ಕೂಡ ಹಾರ್ನು ಹೊಡೆಯುತ್ತಿರಲಿಲ್ಲ.

ಅಕ್ಕೋರ ನಿವೃತ್ತಿ ಹತ್ತಿರ ಬಂದಂತೆ ವೀರಭದ್ರಪ್ಪನವರಿಗೆ ಚಡಪಡಿಕೆ. ಸಂಘವನ್ನು ರಿಜಿಸ್ಟರ್ ಮಾಡಿಸಬೇಕು, ಅದಕ್ಕೆ ಅಕ್ಕೋರ ಹೆಸರೇ ಇಡಬೇಕು, ಇಲ್ಲದಿದ್ದರೆ ಅವರ ಹಿಂದೆಯೇ ಇದೂ ಹೋಗುತ್ತದೆ ಎಂದು ನಮ್ಮೆಲ್ಲರ ತಲೆ ತಿಂದರು. ಅಕ್ಕೋರು ಒಪ್ಪಲಿಲ್ಲ. "ಬೋರ್ಡ್ ಎಲ್ಲಿ ಹಚ್ತೀರಿ? ಬಸ್ಸು ಸರ್ಕಾರದ್ದು" ಎಂದು ಹಾರಿಸಿಬಿಟ್ಟರು. ಆದರೆ ಒಂದು ಸಂಜೆ ಮರಳಿ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಮಾತಿನ ನಡುವೆ ತಟ್ಟನೆ ಕೇಳಿದರು: "ಸರ, ನಾ ಹೋದ ಮ್ಯಾಲೆ ನೀವೆಲ್ಲಾ ಮೊಬೈಲ್ ನೋಡ್ಕೋತ ಕುಂದ್ರತೀರೇನು?" ನಾನು ಇಲ್ಲ ಎಂದೆ. ನನಗೇ ಆ ಮಾತಿನ ಮೇಲೆ ಭರವಸೆ ಇರಲಿಲ್ಲ. ಅವರಿಗೂ ಅದು ತಿಳಿಯಿತು.

ಕೊನೆಯ ದಿನ ಬಂತು. ಬಲ ಸಾಲಿನ ಮುಂದಿನ ಸೀಟಿಗೆ ನಾವು ಹೂವಿನ ಹಾರ ಕಟ್ಟಿ ಹಿಡಿದಿಟ್ಟಿದ್ದೆವು. ವಿಷಯವೂ ಸಿದ್ಧ. ವೀರಭದ್ರಪ್ಪನವರು ಆರಿಸಿದ್ದು: "ಅಕ್ಕೋರು ಹೋದ ಮ್ಯಾಲೂ ಈ ಸಂಘ ನಡೀಬೇಕು." ಅಕ್ಕೋರು ಬಲಕ್ಕೆ ಕೂತು ಹೌದು ಎನ್ನುವುದು, ನಾವು ಚಪ್ಪಾಳೆ ಹೊಡೆಯುವುದು, ಶಾಲು ಹೊದಿಸುವುದು. ಎಲ್ಲ ಲೆಕ್ಕ ಹಾಕಿದ್ದೆವು.

ಮಸ್ಕಿಯಲ್ಲಿ ಅಕ್ಕೋರ ಹಿಂದೆಯೇ ಕೂಸು ಎತ್ತಿಕೊಂಡ ಬಾಣಂತಿಯೊಬ್ಬಳು ಹತ್ತಿದಳು. ಅಕ್ಕೋರು ಹಾರ ಸರಿಸಿ ಆಕೆಯನ್ನು ಅಲ್ಲಿ ಕೂರಿಸಿಬಿಟ್ಟರು. ಎಡಕ್ಕೆ, ಬಿಸಿಲಿಗೆ, ಒಂದು ಸೀಟು ಖಾಲಿ ಇತ್ತು. ಅಲ್ಲಿ ಹೋಗಿ ಕೂತರು. ಬಸ್ಸು ಬಿಟ್ಟಿತು, ವಿಷಯ ಸಾರಿದ್ದಾಯಿತು, ಬಲ ಸಾಲಿನವರೆಲ್ಲ ಹೌದು ಹೌದು ಎಂದರು.

ವೀರಭದ್ರಪ್ಪನವರು ಕೈ ಮುಗಿದರು. "ಅಕ್ಕೋರೆ, ಇವತ್ತೊಂದಿನ ಈ ಕಡಿ ಬರ್ರಿ. ನಾ ಏಳ್ತೀನಿ."

"ಯಾಕ್ರಿ? ನಿಯಮ ನನಗೊಂದು, ನಿಮಗೊಂದಾ?" ಎಂದವರೇ ಕನ್ನಡಕ ತೆಗೆದು ಬ್ಯಾಗಿಗೆ ಹಾಕಿದರು.

"ಈ ಸಂಘ ಇವತ್ತಿಗೆ ಮುಗೀಬೇಕು," ಎಂದು ಶುರುಮಾಡಿದರು. "ನಾಳೆಯಿಂದ ನೀವು ಮಾತಿಗೊಮ್ಮೆ 'ಅಕ್ಕೋರು ಹಂಗಂದಿದ್ರು, ಅಕ್ಕೋರು ಹಿಂಗಂದಿದ್ರು' ಅಂತೀರಿ. ಅಲ್ಲಿಗೆ ವಾದ ಮುಗೀತು, ಪೂಜಿ ಶುರುವಾತು. ಡ್ರೈವರ್ ಮುಂದ ದೇವರ ಫೋಟೋ ಐತಿ, ಅದರ ಬಾಜೂಕ ನನ್ನದೊಂದು ಹಚ್ತೀರಿ. ಅಂಥಾ ಸಂಘ ಯಾರಿಗೆ ಬೇಕ್ರಿ?" ಟಣ್. "ಚಂದಾಗಿ ನಡದಾಗ ನಿಲ್ಲಿಸಿದ್ರ ನೆನಪಾದ್ರೂ ಉಳೀತದ. ಎಳಕೋತ ಹೋದ್ರ ಬ್ಯಾಸರ ಉಳೀತದ." ಟಣ್. "ಮತ್ತ ಹೇಳ್ರಿ, ಇವತ್ತು ಬಲ ಸಾಲಿನ್ಯಾಗ ಕುಂತೋರು ಖರೇನೇ ವಾದ ಮಾಡಾಕತ್ತೀರೇನು? ನನ್ನ ಖುಷಿ ಮಾಡಾಕ ಹೌದು ಹೌದು ಅನ್ನಾಕತ್ತೀರಿ. ಅಂದ್ರ ಸಂಘ ಆಗಲೇ ಸತ್ತೇತಿ, ನೀವು ನೋಡಿಲ್ಲ ಅಷ್ಟ."

ಅಷ್ಟು ಚಂದದ ವಾದವನ್ನು ಅವರು ಆ ಇಪ್ಪತ್ತು ವರ್ಷಗಳಲ್ಲಿ ಮಾಡಿರಲಿಲ್ಲ. ಹುಲಿಗೆಮ್ಮ ಕಂಬಿ ಹಿಡಿದು ನಿಂತಿದ್ದಳು. ನಾವೆಲ್ಲ ಆಕೆಯ ಮುಖ ನೋಡಿದೆವು, ಉಳಿಸು ತಾಯಿ ಎಂಬಂತೆ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಅಕ್ಕೋರು ಗೆದ್ದಾರ. ಬಂದ್ ಮಾಡ್ರಿ. ಇದು ಫೈಸ್ಲಾ."

ಬಸ್ ಸ್ಟ್ಯಾಂಡಿನಲ್ಲಿ ಶಾಲು ಹೊದಿಸಿದೆವು. ಅವತ್ತು ಅಕ್ಕೋರ ಜೊತೆ ಚಹಾ ಕುಡಿಯುವ ಹಕ್ಕು ವೀರಭದ್ರಪ್ಪನವರದು. ಆ ಗಟ್ಟಿ ಮನುಷ್ಯ ಕಪ್ಪು ಹಿಡಿದುಕೊಂಡು ಎಲ್ಲರೆದುರು ಅತ್ತುಬಿಟ್ಟರು. ನಾನು ಅಕ್ಕೋರ ಟಿಫಿನ್ ಚೀಲ ಹಿಡಿದು ಆಟೋತನಕ ಹೋದೆ. ಸಿಟ್ಟು ತಡೆಯಲಾಗದೆ ಕೇಳಿಯೇಬಿಟ್ಟೆ: "ಹಿಂಗ ಯಾಕ ಮಾಡಿದ್ರಿ? ನಿಮಗ ಖರೇನೇ ಇದು ಮುಗೀಬೇಕಿತ್ತೇನು?"

ಅಕ್ಕೋರು ಆಟೋದಲ್ಲಿ ಕೂತು ಚೀಲ ಈಸಿಕೊಂಡರು. ಮೊದಲ ಸಲ, ಕೊಟ್ಟಕೊನೆಗೆ, ಅವರ ಸ್ವಂತ ಮಾತು ಕೇಳಿದೆ.

"ಮುಗೀಬಾರದ್ರಿ ಸರ. ಇದು ನನ್ನ ಜೀವ ಐತಿ. ಆದ್ರ ನನ್ನ ಸಲುವಾಗಿ ನಿಯಮ ಮುರಿದು ನಾ ಬಲಕ್ಕ ಹೋಗಿ ಕುಂತಿದ್ರ, ಮತ್ತ ಉಳಿದಿದ್ದು ಏನು? ನಾ ಎಡಕ್ಕ ಕುಂತೀನಿ, ಎಡಕ್ಕ ಕುಂತೋರ ಮಾತು ಆಡೀನಿ." ಆಮೇಲೆ ದನಿ ಇಳಿಸಿ, "ನನಗೀಗ ಒಂದೇ ಅಂಜಿಕಿ. ನೀವು ಖರೇನೇ ನನ್ನ ಮಾತು ಕೇಳಿಬಿಟ್ರ?" ಎಂದರು. ಆಟೋ ಹೋಯಿತು.

ಮರುದಿನ ನನಗೆ ಆ ಬಸ್ಸು ಹತ್ತಲು ಮನಸ್ಸೇ ಇರಲಿಲ್ಲ. ಎಲ್ಲರೂ ಮೊಬೈಲು ತೆಗೆದು ಕೂತಿದ್ದರು. ಮಸ್ಕಿಯಲ್ಲಿ ಬಸ್ಸು ನಿಂತಾಗ ಹಳೆಯ ರೂಢಿಯಿಂದ ಎಲ್ಲರ ಕತ್ತೂ ಬಾಗಿಲ ಕಡೆ ಹೊರಳಿತು. ಹೆಣ್ಣಾಳುಗಳು ಹತ್ತಿದರು, ಬಸ್ಸು ಬಿಟ್ಟಿತು. ಮಸ್ಕಿಯ ಗುಡ್ಡ ಹಿಂದೆ ಸರಿಯಿತು. ಅವತ್ತು ಮಂದಿ ಕಡಿಮೆ ಇದ್ದುದರಿಂದ ಹುಲಿಗೆಮ್ಮನಿಗೂ ಸೀಟು ಸಿಕ್ಕಿತ್ತು, ಬಲಕ್ಕೆ, ನನ್ನ ಮುಂದೆ.

"ಯಾಕ್ರಿ, ಎಲ್ಲಾರ ಬಾಯಿಗೆ ಬೀಗ ಬಿದ್ದೇತಿ?" ಎಂದಳು.

ಎಡ ಸಾಲಿನಿಂದ ವೀರಭದ್ರಪ್ಪನವರು ಸಿಡುಕಿದರು. "ನಿನ್ನೆ ನೀನೇ ಬಂದ್ ಮಾಡ್ರಿ ಅಂತ ಫೈಸ್ಲಾ ಕೊಟ್ಟಿಯಲ್ಲವ್ವಾ!"

"ನಿನ್ನೆ ನಿಂತಿದ್ದೆ, ಪಂಚರ ಮಾತು ಹೇಳೀನಿ. ಇವತ್ತು ಕುಂತೀನಿ. ಬಲಕ್ಕ ಕುಂತೀನಿ. ಹೌದು ಅನ್ನಬೇಕಲ್ಲ ನಾ? ಸಂಘ ನಡೀಬೇಕು, ನಿನ್ನಿ ಫೈಸ್ಲಾ ತಪ್ಪೈತಿ. ಇದು ನನ್ನ ವಾದ. ನೀವು ಎಡಕ್ಕ ಕುಂತೀರಿ. ಏಳ್ರಿ, ಉತ್ತರ ಕೊಡ್ರಿ."

ಸಂಘ ಉಳಿಯಬೇಕೆಂದು ವರ್ಷವಿಡೀ ಒದ್ದಾಡಿದ ಮನುಷ್ಯ ಈಗ ಎದ್ದು ಅದು ಸಾಯಬೇಕೆಂದು ವಾದಿಸಬೇಕು. ಏಳದಿದ್ದರೆ ಅಲ್ಲಿಗೆ ಮುಗಿಯಿತು. ವೀರಭದ್ರಪ್ಪನವರು ಕೂತೇ ಇದ್ದರು. ಕಿಟಕಿಯ ಹೊರಗೆ ನೋಡಿದರು. ಆಮೇಲೆ ಪಕ್ಕದವರ ಹೆಗಲಿಗೆ ಕೈ ಊರಿ, ನಿಧಾನಕ್ಕೆ, ಎದ್ದು ನಿಂತರು. "ಸಂಘ ಬ್ಯಾಡ" ಎಂದರು. ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. "ಬ್ಯಾಡೇ ಬ್ಯಾಡ. ಯಾಕಂದ್ರ..."

ಅಯ್ಯೋ, ಆ ಗದ್ದಲ! ಜನ ಸೀಟು ಬಡಿದರು, ಹೆಣ್ಣಾಳುಗಳು ಸಿಳ್ಳೆ ಹಾಕಿದರು, ಕಂಡಕ್ಟರ್ ಟಿಕೆಟು ಕೊಡುವುದನ್ನೇ ಬಿಟ್ಟ. ನನ್ನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅಕ್ಕೋರಿಗೆ ಫೋನು ಹಚ್ಚಿದೆ. ರಿಂಗು ಪೂರ್ತಿ ಆಗುವ ಮೊದಲೇ ಎತ್ತಿದರು, ಕೈಯಲ್ಲೇ ಹಿಡಿದು ಕೂತಿದ್ದವರ ಹಾಗೆ.

"ಏನಾತ್ರಿ?"

"ವೀರಭದ್ರಪ್ಪನವರು ಎಡಕ್ಕ ಕುಂತಾರ್ರಿ ಅಕ್ಕೋರೆ. ಸಂಘ ಮುಚ್ಚಬೇಕು ಅಂತ ಎದ್ದು ನಿಂತು ವಾದ ಮಾಡಾಕತ್ತಾರ!"

ಆ ಕಡೆಯಿಂದ ಆ ದೊಡ್ಡ ಗಂಟಲು, ಫೋನನ್ನೂ ಮೀರಿ:

"ನೀವು ಯಾವ ಕಡಿ ಕುಂತೀರಿ?"

"ಬಲಕ್ಕರಿ."

"ಮತ್ತ ನನ್ನ ಕೂಡ ಏನ್ ಮಾತಾಡಾಕತ್ತೀರಿ? ಅವರಿಗೆ ಉತ್ತರ ಯಾರು ಕೊಡ್ತಾರ?" ಎಂದು ಫೋನು ಇಟ್ಟೇಬಿಟ್ಟರು.

ನಾನು ಎದ್ದು ನಿಂತೆ.